ಚಕ್ರವರ್ತಿಯ ಬೆನ್ನು

ಮನುಷ್ಯನಿಗೆ ಬೆನ್ನು ಎಂಬುದೊಂದು ಇರುತ್ತದೆ ಎನ್ನುವುದನ್ನೇ ನಾನು ಮರೆತಿದ್ದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ನೂರು ಜನ ನಕ್ಕದ್ದನ್ನು ಕೇಳಿಸಿಕೊಂಡು ಬಂದವಳು ನಾನು, ಇನ್ನು ನಾಲ್ಕು ಜನ ನಕ್ಕರೆ ನನಗೇನೂ ಆಗುವುದಿಲ್ಲ. ಆದರೆ ನಕ್ಕ ಮೇಲೆ ಪೂರ್ತಿ ಕೇಳಬೇಕು. ಅರ್ಧ ಕೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾನು ಭಾಮಾ. ಸೇಡಂನಲ್ಲಿ ನಮ್ಮ ಓಣಿಯ ಲಕ್ಷ್ಮೀಕಾಂತ ದೇವರ ಪೂಜೆ ನನ್ನ ಗಂಡ ವಾಸುದೇವಾಚಾರರದು. ಗುಡಿ ಸಣ್ಣದು, ದೇವರು ಮೂರಡಿ ಎತ್ತರ. ಆದರೆ ಅಲಂಕಾರ ನೋಡಲಿಕ್ಕೆಂದೇ ಚಿತ್ತಾಪುರ, ವಾಡಿಯಿಂದ ಜನ ಬರುತ್ತಾರೆ. ಒಂದು ಶನಿವಾರ ರಾಜನ ಪೋಷಾಕು, ಇನ್ನೊಂದು ಶನಿವಾರ ಬೇಟೆಗಾರನದು, ಮತ್ತೊಂದು ಶನಿವಾರ ಮದುಮಗನದು. ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ, ಆಚಾರರ ಕೈಯಲ್ಲಿ ಏನೋ ಅದೆ ಎಂದು. ಆಚಾರರ ಕೈಯಲ್ಲಿ ಏನೂ ಇಲ್ಲ. ಅವರಿಗೆ ತಮ್ಮ ಅಂಗಿಯ ಗುಂಡಿ ಹಚ್ಚಿಕೊಳ್ಳಲೂ ಬರುವುದಿಲ್ಲ. ಮದುವೆಯಾಗಿ ಬಂದ ವರ್ಷದಿಂದ, ಅಂದರೆ ಮೂವತ್ತೊಂದು ವರ್ಷದಿಂದ, ಆ ದೇವರ ಒಂದೊಂದು ಅರಿವೆಯನ್ನೂ ಹೊಲಿದವಳು ನಾನು.

ಗರ್ಭಗುಡಿಯೊಳಗೆ ನಾನು ಕಾಲಿಡುವಂತಿಲ್ಲ. ಹಾಗಾಗಿ ದೇವರ ಅಳತೆ ನನ್ನ ಹತ್ತಿರ ಒಂದು ದಾರದಲ್ಲಿದೆ. ಹೆಗಲಿಗೆ ಒಂದು ಗಂಟು, ನಡುವಿಗೆ ಒಂದು ಗಂಟು, ಮೊಣಕಾಲಿಗೊಂದು, ಪಾದಕ್ಕೊಂದು. ಆ ದಾರ ಹಿಡಿದು ಬಟ್ಟೆ ಕತ್ತರಿಸಿ, ಮಡಿಕೆ ಹಾಕಿ, ಗಂಜಿ ಕೊಟ್ಟು, ಒಳಗೆ ಬಿದಿರಿನ ಕಡ್ಡಿ ಸೇರಿಸಿ, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವಂತೆ ಹೊಲಿದು ಹೊಸ್ತಿಲಲ್ಲಿ ಇಡುತ್ತೇನೆ. ಇವರು ಒಳಗೆ ಒಯ್ದು ನಾಲ್ಕು ಲಾಡಿ ಕಟ್ಟುತ್ತಾರೆ. ಕಲ್ಲಿನ ಮೂರ್ತಿ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತದ್ದು. ಹಿಂದೆ ಕೈ ತೂರಿಸಲೂ ಜಾಗವಿಲ್ಲ. ದೇವರ ಅಂಗಿಗೆ ಹಿಂಭಾಗ ಅಂತ ಇರುವುದೇ ಇಲ್ಲ. ಎಲ್ಲಾ ಶೃಂಗಾರ ಮುಂದೆ, ಹಿಂದೆ ಬರೀ ಲಾಡಿ. ಮೂವತ್ತೊಂದು ವರ್ಷ ಹೀಗೆ ಹೊಲಿದವಳಿಗೆ ಬೆನ್ನು ನೆನಪಿರದಿದ್ದರೆ ಅದು ಯಾರ ತಪ್ಪು?

ಹೋದ ವರ್ಷ ಪ್ರಮಿತಾ ಎಂಬ ಹುಡುಗಿ ಬಂದಳು. ಹೈದರಾಬಾದಿನಲ್ಲಿ ಸಿನೆಮಾದವರಿಗೆ ವೇಷಭೂಷಣ ಮಾಡಿಕೊಡುವವಳು, ತಾಯಿಯ ತವರು ಕಲಬುರಗಿಯಂತೆ. ಶಹಾಬಾದ್ ಕಡೆ ಶೂಟಿಂಗ್ ಜಾಗ ನೋಡಲು ಹೊರಟವಳು ಶನಿವಾರ ನಮ್ಮ ಗುಡಿಗೆ ಬಂದು, ದೇವರ ರಾಜಪೋಷಾಕು ನೋಡಿ ಅರ್ಧ ತಾಸು ನಿಂತಲ್ಲಿಂದ ಕದಲಲಿಲ್ಲ. ಆಮೇಲೆ ನಮ್ಮವರ ಮುಂದೆ ಕೈಮುಗಿದಳು.

"ಆಚಾರ್ರೇ, ನನಗ ಇಂಥಾದೇ ಒಂದು ಬೇಕ್ರಿ. ಐದು ಸಾವಿರ ವರ್ಷ ಮುಂದಿನ ಕಥಿ. ಮೂರು ಸೂರ್ಯ ಇರೋ ಒಂದು ಗ್ರಹ ಅದ, ಅಲ್ಲಿ ಚಕ್ರವರ್ತಿ ಅರ್ಧ ಮನುಷ್ಯಾ, ಅರ್ಧ ಯಂತ್ರ. ಅವನ ಪಟ್ಟಾಭಿಷೇಕದ ಪೋಷಾಕು."

"ಮಾಡೋಣಂತ," ಎಂದರು ನಮ್ಮವರು. ಮಾಡುತ್ತೇನೆ ಅಂತಲೂ ಅಲ್ಲ, ಮಾಡಿಸುತ್ತೇನೆ ಅಂತಲೂ ಅಲ್ಲ. ಅಲ್ಲೇ ಕಂಬದ ಮಗ್ಗುಲಲ್ಲಿ ಹೂ ಕಟ್ಟುತ್ತ ಕೂತಿದ್ದ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

"ಏನೂ ಬದಲು ಮಾಡಬ್ಯಾಡ್ರಿ. ದೇವರಿಗೆ ಹ್ಯಾಂಗ ಮಾಡ್ತೀರಿ ಥೇಟ್ ಹಂಗೇ ಇರಬೇಕು," ಎಂದಳು ಪ್ರಮಿತಾ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆಮೇಲೆ ಎಲ್ಲರೂ ಮರೆತರು.

ಎರಡೂವರೆ ತಿಂಗಳು ನನ್ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಕಳಿಸಿದ ಚಿತ್ರದಲ್ಲಿ ಚಕ್ರವರ್ತಿ ನೇರ ನಮ್ಮ ಕಡೆ ನೋಡುತ್ತ ನಿಂತಿದ್ದ. ಚಿತ್ರದ ಜೊತೆ ಬರೆದು ಕಳಿಸಿದ್ದ ನಟನ ಅಳತೆಯನ್ನು ನಾನು ಹೊಸ ದಾರಕ್ಕೆ ಗಂಟು ಹಾಕಿ ಇಳಿಸಿಕೊಂಡೆ, ನನಗೆ ಹಾಗೆಯೇ ಬರುವುದು. ಎದೆಗೆ ಏಳು ಬೀಸಣಿಗೆಗಳು, ಒಂದರ ಕೆಳಗೊಂದು, ನೇರಳೆಯಿಂದ ಶುರುವಾಗಿ ಕೆಂಡದ ಬಣ್ಣಕ್ಕೆ ಬಂದು ಮುಗಿಯುವಂಥವು. ಹೆಗಲಿಗೆ ಗೋಪುರದ ಅಂತಸ್ತು. ಯಂತ್ರದ ಮನುಷ್ಯನಿಗೆ ಬರೀ ಜರಿ ಸಾಲದು ಅನ್ನಿಸಿತು. ಮೋಟರು ರಿಪೇರಿ ಮಾಡುವ ಗನಿಸಾಬರ ಅಂಗಡಿಗೆ ಹೋಗಿ ಸುಟ್ಟ ಮೋಟರುಗಳಿಂದ ಬಿಚ್ಚಿದ ತಾಮ್ರದ ತಂತಿ ಕೇಳಿದೆ. "ಇದರ್‍ಲಿಂದ ಏನ್ ಮಾಡ್ತೀರಿ ಅಮ್ಮಾ?" ಎಂದರು. "ರಾಜನ ಅಂಗಿಗೆ ಹಚ್ತೀನ್ರಿ," ಎಂದೆ. ಅವರು ಒಂದು ಚೀಲ ತುಂಬಿ ಕೊಟ್ಟರು. ಆ ತಂತಿಯನ್ನು ಕಲ್ಲಿನ ಮೇಲಿಟ್ಟು ಚಪ್ಪಟೆ ಮಾಡಿ ಅಂಚಿನುದ್ದಕ್ಕೂ ಟಾಕು ಹಾಕಿ ಹೊಲಿದೆ. ಬೆರಳಿನಿಂದ ಹನ್ನೆರಡು ಸಲ ರಕ್ತ ಬಂತು. ಆ ಹನ್ನೆರಡು ಸಲವೂ ನಮ್ಮವರು ಪಡಸಾಲೆಯಲ್ಲಿ ಮಲಗಿದ್ದರು.

ಮುಗಿದ ಮೇಲೆ ಗೋಡೆಗೆ ತೂಗುಹಾಕಿ ಫೋಟೋ ಕಳಿಸಿದೆವು. ಪ್ರಮಿತಾಳಿಂದ ಹತ್ತು ಸಲ ಕೈಮುಗಿದ ಚಿತ್ರ ಬಂತು. ಶೂಟಿಂಗಿನ ದಿನ ಅತ್ತೆಯ ಹಳೆಯ ಒಂಬತ್ತು ಗಜದ ಪೀತಾಂಬರದಲ್ಲಿ ಪೋಷಾಕು ಸುತ್ತಿ, ಗಂಡ ಹೆಂಡತಿ ಇಬ್ಬರೂ ರೈಲಿನಲ್ಲಿ ವಾಡಿಗೆ ಹೋದೆವು. ಚಿತ್ತಾಪುರದಲ್ಲಿ ಹತ್ತಿದವರು ಗಂಟಿನ ಮೇಲೆ ಕೂಡ್ರಲು ಬಂದರೆ ನಾನು ಕೂಡ್ರಗೊಡಲಿಲ್ಲ. ವಾಡಿಯಿಂದ ಜೀಪಿನಲ್ಲಿ ಖಣಿಗೆ ಕರೆದೊಯ್ದರು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ತೆಗೆದು ಮೆಟ್ಟಿಲು ಮೆಟ್ಟಿಲಾಗಿ ನಿಂತ ಹಾಳು ಖಣಿ. ಒಂದು ಗಿಡವಿಲ್ಲ. ಮೂರು ಸೂರ್ಯ ಇದ್ದರೆ ನೆಲ ಹೀಗೇ ಆಗುತ್ತದೆ ಅನ್ನಿಸಿತು.

ನಟನಿಗೆ ಪೋಷಾಕು ತೊಡಿಸಿದವರು ನಮ್ಮವರು. ದೇವರಿಗೆ ಕಟ್ಟುವ ಹಾಗೇ ನಾಲ್ಕು ಲಾಡಿ ಕಟ್ಟಿದರು. ಆತ ಡೇರೆಯಿಂದ ಹೊರಗೆ ಬಂದಾಗ ಅಲ್ಲಿದ್ದ ನೂರು ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಬಿಸಿಲು ತಾಮ್ರದ ಅಂಚಿನ ಮೇಲೆ ಬಿದ್ದು ಏಳೂ ಬೀಸಣಿಗೆ ಬೆಳಗಿದವು. ಗುಡಿಯಲ್ಲಿ ನಾನು ಹೊಲಿದದ್ದರ ಮೇಲೆ ಹೂವಿನ ಹಾರ ಬಿದ್ದು ಮುಕ್ಕಾಲು ಭಾಗ ಮುಚ್ಚಿಹೋಗುತ್ತದೆ, ಉಳಿದದ್ದನ್ನು ನಾನು ಹೊಸ್ತಿಲಾಚೆಯಿಂದ ದೀಪದ ಬೆಳಕಿನಲ್ಲಿ ನೋಡಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸವನ್ನು ಹಗಲು ಬೆಳಕಿನಲ್ಲಿ, ಜೀವವಿದ್ದ ಮೈಮೇಲೆ ನೋಡಿದ್ದು ಅದೇ ಮೊದಲು.

ನಿರ್ದೇಶಕ ನಮ್ಮವರ ಕೈ ಹಿಡಿದು ಕುಲುಕಿದ. "ಮಾಸ್ಟರ್, ಅದ್ಭುತ," ಎಂದ. ನಮ್ಮವರು ಕಣ್ಣು ಅರ್ಧ ಮುಚ್ಚಿ, "ಎಲ್ಲಾ ದೇವರ ದಯಾ," ಎಂದರು. ದೇವರ ದಯೆಯಂತೆ. ದೇವರು ಬಂದು ತಂತಿ ಕುಟ್ಟಿದನೇ?

ಆಮೇಲೆ ನಿರ್ದೇಶಕ ಚಕ್ರವರ್ತಿಗೆ ಮೆಟ್ಟಿಲು ಹತ್ತಿ ಸಿಂಹಾಸನದ ಕಡೆ ನಡೆಯಲು ಹೇಳಿದ. ಚಕ್ರವರ್ತಿ ತಿರುಗಿದ.

ಹಿಂದೆ ನಾಲ್ಕು ಲಾಡಿ. ಲಾಡಿಯ ಕೆಳಗೆ ಒಂದು ಬೆವೆತ ಬನಿಯನ್, ಅದರ ಕೆಳಗೆ ಪಟ್ಟೆ ಪಟ್ಟೆಯ ಅರ್ಧ ಚೊಣ್ಣ. ಮೊದಲು ದೀಪ ಹಿಡಿದವನೊಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಖಣಿಯ ಗೋಡೆಗಳು ಕಲ್ಲಿನವಲ್ಲವೇ, ಆ ನಗುವನ್ನೆಲ್ಲ ಮತ್ತೊಮ್ಮೆ ನನಗೆ ವಾಪಸು ಕೊಟ್ಟವು. ಚಕ್ರವರ್ತಿ ಮಾತ್ರ ಏನಾಯಿತೆಂದು ತಿಳಿಯದೆ ಮೆಟ್ಟಿಲು ಹತ್ತುತ್ತಲೇ ಇದ್ದ.

"ಏನ್ರಿ ಇದು ಆಚಾರ್ರೇ?" ಪ್ರಮಿತಾಳ ಮುಖ ಬಿಳಿಚಿತ್ತು.

ಆಗ ನನ್ನ ಗಂಡ, ನನ್ನ ಕೊರಳಿಗೆ ತಾಳಿ ಕಟ್ಟಿದ ಮಹಾನುಭಾವ, ಬೆರಳು ಚಾಚಿ ನನ್ನನ್ನು ತೋರಿಸಿದರು. "ನನ್ನ ಕಡೆ ಯಾಕ ನೋಡ್ಲಿಕತ್ತೀರಿ? ಹೊಲದಾಕಿ ಈಕಿ."

ಕೈ ಕುಲುಕಿ ಐದು ನಿಮಿಷ ಆಗಿರಲಿಲ್ಲ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಅಲ್ಲೇ ಬಿದ್ದಿದ್ದ ಒಂದು ಪರ್ಸಿ ತೆಗೆದು ತಲೆಗೆ ಹಾಕಬೇಕು ಅನ್ನಿಸಿತು, ಯಾರ ತಲೆಗೆ ಎಂದು ಕೇಳಬೇಡಿ. ಪ್ರಮಿತಾಳಿಗೆ ಹೇಳಿದೆ, "ದೇವರಿಗೆ ಹ್ಯಾಂಗ ಮಾಡ್ತೀರಿ ಥೇಟ್ ಹಂಗೇ ಅಂದಿದ್ದಿ ಇಲ್ಲೋ? ನಮ್ಮ ದೇವರು ಯಾರಿಗೂ ಬೆನ್ನು ತೋರ್ಸೂದಿಲ್ಲವ್ವಾ. ನಿನ್ನ ಚಕ್ರವರ್ತಿ ತೋರಸ್ತಾನ ಅಂತ ಯಾರ್ ಹೇಳಿದ್ರು ನನಗ?"

ಅವಳು ಆಗ ಮೊದಲ ಸಲ ನನ್ನನ್ನು ನೋಡಿದಳು. "ಕಾಕೂ, ಅಂದ್ರ ಇದೆಲ್ಲಾ ನೀವು ಹೊಲದದ್ದಾ?"

"ಮತ್ಯಾರು ಹೊಲೀತಾರ? ಸಂಜೀತನಕ ಟೈಮ್ ಕೊಡು. ಮುಂದ ಮಾಡಿದಾಕಿ ಹಿಂದ ಮಾಡ್ಲಾರೆನೇನು?"

ಡೇರೆಯಲ್ಲಿ ಕೂತೆ. ನಟನನ್ನು ನನ್ನ ಮುಂದೆ ಬೆನ್ನು ಮಾಡಿ ನಿಲ್ಲಿಸಿದರು. ರಾಜನ ಬೆನ್ನು ಹೇಗಿರುತ್ತದೆ? ನನಗೇನು ಗೊತ್ತು. ದೊಡ್ಡವರ ಬೆನ್ನು ನೋಡುತ್ತ ನಿಲ್ಲುವವರು ಯಾರೆಂದರೆ ಅವರು ಹೋದ ಮೇಲೆ ಉಳಿಯುವವರು. ನಾನು ದಿನಾ ಬೆಳಿಗ್ಗೆ ನೋಡುತ್ತ ನಿಂತಿದ್ದ ಬೆನ್ನು ಒಂದೇ, ನಮ್ಮ ಅತ್ತೆಯದು. ಒಂಬತ್ತು ಗಜದ ಸೀರೆ ಉಟ್ಟು, ಕಚ್ಚೆ ಹಾಕಿ, ಹಿತ್ತಲಿನಿಂದ ಕೊಡ ಹೊತ್ತು ಹೊರಟರೆ ಹಿಂದಿನ ನಿರಿಗೆ ನಡುವಿನಿಂದ ಹಿಮ್ಮಡಿಯವರೆಗೆ ಸಾಲಾಗಿ ಬೀಳುತ್ತಿತ್ತು. ಆ ಮುದುಕಿಗೂ ನನಗೂ ಆಗಿಬರುತ್ತಿರಲಿಲ್ಲ. ಆದರೂ ಹೇಳುತ್ತೇನೆ, ಆ ನಡಿಗೆಯಲ್ಲಿ ದರ್ಪ ಇತ್ತು. ಪೋಷಾಕು ಸುತ್ತಿ ತಂದಿದ್ದ ಅವಳ ಪೀತಾಂಬರವನ್ನೇ ಬಿಚ್ಚಿದೆ. ಹೆಗಲಿನಿಂದ ನಡುವಿನವರೆಗೆ ಬೀಸಣಿಗೆ ಮಡಿಕೆ ಹಾಕಿದೆ. ನಡುವಿನಲ್ಲಿ ಕಚ್ಚೆ ಸಿಗಿಸಿದೆ, ಉಳಿದ ನಾಲ್ಕು ಗಜ ನೆಲದ ಮೇಲೆ ಹರಿಯಲು ಬಿಟ್ಟೆ. ಮಿಕ್ಕಿದ್ದ ತಾಮ್ರದ ತಂತಿಯನ್ನು ಬೆನ್ನೆಲುಬಿನ ಗುಂಟ ಹೊಲಿದೆ. ನಾಲ್ಕು ತಾಸು ಬೇಕಾಯಿತು.

ಹೊತ್ತು ಇಳಿಯುವ ಮುಂಚೆ ಚಕ್ರವರ್ತಿ ಮತ್ತೆ ಮೆಟ್ಟಿಲು ಹತ್ತಿದ. ಹಳದಿ ಪೀತಾಂಬರ ಅವನ ಹಿಂದೆ ಒಂದೊಂದೇ ಕಲ್ಲಿನಿಂದ ಏರಿತು. ಈ ಸಲ ಯಾರೂ ನಗಲಿಲ್ಲ. ನಿರ್ದೇಶಕ ಅದನ್ನೇ ಮೂರು ಸಲ ತೆಗೆದ, ಮುಂದಿನಿಂದ ಒಂದೇ ಸಲ ತೆಗೆದದ್ದು. "ಮಾಸ್ಟರ್, ಈ ಐಡಿಯಾ ಎಲ್ಲಿಂದ ಬಂತು?" ಎಂದು ಮತ್ತೆ ನಮ್ಮವರ ಹತ್ತಿರವೇ ಹೋದ.

"ಅದು ನಮ್ಮ ಸಂಪ್ರದಾಯದ ಕಚ್ಚಿರೀ," ಎಂದರು ಇವರು, ನಾಚಿಕೆಯಿಲ್ಲದೆ.

ಒಬ್ಬಾತ ಸಿನೆಮಾದ ಕೊನೆಗೆ ಬರುವ ಹೆಸರುಗಳ ಪಟ್ಟಿ ಹಿಡಿದು ಬಂದ. ಚಕ್ರವರ್ತಿಯ ರಾಜಪೋಷಾಕು, ಹೊಲಿಗೆ ಮತ್ತು ಕಸೂತಿ, ಮುಂದೆ ಖಾಲಿ. ನಾನು ನಮ್ಮವರ ಮುಖ ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಅವರು ಗಂಟಲು ಸರಿಮಾಡಿಕೊಂಡು, "ವಾಸುದೇವಾಚಾರ, ಸೇಡಂ. ದೊಡ್ಡ ಅಕ್ಷರದಾಗ ಬರ್ಕೋರಿ," ಎಂದರು.

ವಾಪಸು ರೈಲಿನಲ್ಲಿ ಚಿತ್ತಾಪುರ ದಾಟಿದ ಮೇಲೆ ಕೇಳಿದೆ.

"ನನ್ನ ಹೆಸರು ಯಾಕ ಬರಸ್ಲಿಲ್ಲ?"

"ಹೆಸರು ಯಾರದಾದ್ರೇನು? ನಾನೂ ನೀನೂ ಬ್ಯಾರೇನು?"

"ಲಾಡಿ ಕಂಡಾಗ ಬ್ಯಾರೆ ಆಗಿದ್ವಿ ಅಲ್ರೀ."

ಕಿಟಕಿಯ ಕಡೆ ತಿರುಗಿಕೊಂಡರು.

ಮರುದಿನ ಪ್ರಮಿತಾಳಿಗೆ ಫೋನು ಮಾಡಿದೆ. ಪಾಪ, ಅವಳಿಗೂ ಕಸಿವಿಸಿಯಾಗಿತ್ತು. "ಪಟ್ಟಿ ಕಂಪನಿಗೆ ಹೋಗೇದ ಕಾಕೂ. ಈಗ ತಿದ್ದಬೇಕಂದ್ರ ಆಚಾರ್ರೇ ಬರ್ದು ಕೊಡಬೇಕು, ನಾ ಹೊಲದಿಲ್ಲ, ಈಕಿ ಹೊಲದಾಳ ಅಂತ. ಕೆಳಗ ಸಹಿ ಬೇಕು. ಒಂದು ಸಾಲು ಸಾಕು."

ಒಂದು ಸಾಲು. ಮೂರು ಸಲ ಕೇಳಿದೆ. ಊಟಕ್ಕೆ ಬಡಿಸುತ್ತ ಕೇಳಿದರೆ ಊಟದ ಹೊತ್ತಿಗೆ ಬೇಡ ಎಂದರು. ಪೂಜೆಗೆ ಮುಂಚೆ ಕೇಳಿದರೆ ಮಡಿಯಲ್ಲಿದ್ದೇನೆ ಎಂದರು. ಮೂರನೆಯ ಸಲ ಕಾಗದ, ಪೆನ್ನು ಮುಂದಿಟ್ಟೇ ಕೇಳಿದೆ. "ಊರಾಗ ನನಗೊಂದು ಮರ್ಯಾದಿ ಅದ. ಇಷ್ಟ್ ವರ್ಷ ಹೆಂಡ್ತಿ ಮಾಡಿದ್ದು ತನ್ನದಂತ ಹೇಳಿಕೊಂಡ ಅನ್ಸಿಕೊಳ್ಳಲೇನು?" ಎಂದರು. ಅನ್ನಿಸಿಕೊಳ್ಳಲು ನಾಚಿಕೆ, ಮಾಡಲು ಇಲ್ಲ. ಪೆನ್ನನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಸಿಟ್ಟಿಗೇ ಅತ್ತದ್ದು, ದುಃಖಕ್ಕಲ್ಲ.

ಹದಿನೈದು ದಿನಕ್ಕೆ ಒಂದು ಫೋಟೋ ಊರಿನ ಎಲ್ಲ ಫೋನುಗಳಿಗೂ ಬಂತು. ಶೂಟಿಂಗಿನ ನಡುವೆ ಯಾರೋ ತೆಗೆದದ್ದು. ಚಕ್ರವರ್ತಿ ಪೂರ್ತಿ ಪೋಷಾಕಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಸಿಗರೇಟು ಸೇದುತ್ತಿದ್ದಾನೆ. ಅದರ ಮಗ್ಗುಲಿಗೆ ಯಾವನೋ ನಮ್ಮ ದೇವರ ರಾಜಪೋಷಾಕಿನ ಫೋಟೋ ಅಂಟಿಸಿದ್ದ. ಎರಡೂ ಒಂದೇ ಕೈಯವೆಂದು ಕುರುಡರಿಗೂ ಗೊತ್ತಾಗುತ್ತಿತ್ತು. ಊರವರು ಕೆರಳಿದರು, ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡೂವರೆ ತಿಂಗಳ ಕೆಲಸದ ಮೇಲೆ ಬೂದಿ ಉದುರಿಸುತ್ತಿದ್ದನಲ್ಲ ಆ ಮುಟ್ಠಾಳ.

ಭಾನುವಾರ ಗುಡಿಯ ಪೌಳಿಯಲ್ಲಿ ಕಮಿಟಿ ಕೂಡಿತು. ಅಧ್ಯಕ್ಷರು ವಿಠ್ಠಲರಾಯರು, ನಮ್ಮವರ ಗೆಳೆಯರೇ. ಗಂಡಸರು ಜಮಖಾನೆಯ ಮೇಲೆ, ನಾವು ನಾಲ್ಕಾರು ಹೆಂಗಸರು ಕಂಬದ ಹಿಂದೆ.

"ದೇವರ ಪೋಷಾಕು ಸಿಗರೇಟ್ ಸೇದಾವ್ನ ಮೈಮ್ಯಾಲೆ ಹೋಗೇದ," ಎಂದರು ವಿಠ್ಠಲರಾಯರು. "ಇದನ್ನ ಮಾಡಿದವ್ರಿಗೆ ಒಂದು ವರ್ಷ ದೇವರ ಸೇವಾ ಬಂದ್. ಠರಾವು ಮಾಡೇ ತೀರಬೇಕು. ಹೇಳ್ರಿ ಆಚಾರ್ರೇ, ಹೊಲದವ್ರು ನೀವೇನು?"

ನಮ್ಮವರ ಮುಖ ಒಣಗಿತ್ತು. ಒಂದು ವರ್ಷ ಪೂಜೆ ಹೋದರೆ ಏನು ಗತಿ ಎಂದು ನನಗೂ ಗೊತ್ತಿತ್ತು. ಆ ಕ್ಷಣ ಅವರು ನನ್ನ ಕಡೆ ನೋಡಿ, ಏನು ಮಾಡಲಿ ಎಂದು ಕಣ್ಣಲ್ಲಾದರೂ ಕೇಳಿದ್ದರೆ, ನಾನೇ ಮುಂದೆ ಬಂದು ಎಲ್ಲಾ ನನ್ನ ಮೇಲೆ ಹಾಕಿಕೊಳ್ಳುತ್ತಿದ್ದೆ. ಅವರು ನೋಡಲಿಲ್ಲ.

"ನಾ ಹೊಲದಿಲ್ರಿ," ಎಂದರು. "ನನಗ ಸೂಜಿ ಹಿಡೀಲಿಕ್ಕೂ ಬರೂದಿಲ್ಲ. ಒಂದು ಟಾಕು ನಂದಲ್ಲ. ಎಲ್ಲಾ ನಮ್ಮಾಕಿನೇ ಹೊಲದದ್ದು."

ನಾನು ಕಂಬದ ಹಿಂದಿನಿಂದ ಎದ್ದು ಜಮಖಾನೆಯ ಅಂಚಿಗೆ ಬಂದು ನಿಂತೆ.

"ಖರೇ ಅದ ಅವ್ರು ಹೇಳಿದ್ದು. ಬರ್ಕೋರಿ," ಎಂದೆ ಕಾರ್ಯದರ್ಶಿಗೆ.

"ನೀವು ಕುಂದರ್ರಿ ವೈನಿ, ನಾವು ನೋಡ್ಕೋತೀವಿ," ಎಂದರು ವಿಠ್ಠಲರಾಯರು.

"ಶಿಕ್ಷಾ ನನಗ ಅಂದ ಮ್ಯಾಲೆ ನಾ ಹೇಳಿದ್ದೂ ಬರೀಬೇಕಲ್ರಿ. ಪೋಷಾಕು ಹೊಲದಾಕಿ ಭಾಮಾ. ಆಚಾರ್ರು ಹೊಲದಿಲ್ಲ. ಮೂವತ್ತೊಂದು ವರ್ಷದಿಂದ ಈ ಗುಡಿ ದೇವರ ಎಲ್ಲಾ ಅರಿವೀನೂ ಆಕೀನೇ ಹೊಲದಾಳ. ಅದನ್ನೂ ಬರೀರಿ."

"ಅದು ಯಾಕ ಬೇಕು ಈಗ?"

"ನನ್ನ ಕೈ ದೇವರಿಗೆ ಆಗೂದಿಲ್ಲ ಅಂದ್ರ, ಈಗ ದೇವರ ಮೈಮ್ಯಾಲೆ ಇರೋದು ಯಾರ ಕೈದು ಅಂತ ನಿಮಗೂ ಗೊತ್ತಿರಲಿ. ಬ್ಯಾಡ ಅಂದ್ರ ಒಳಗ ಹೋಗಿ ಬಿಚ್ಚಿಸ್ರಿ. ಪೆಟ್ಟಿಗ್ಯಾಗ ಇರೋವೂ ಹೊರಗ ತೆಗೀರಿ. ನಾಳಿ ಮುಂಜಾನೆ ಏನ್ ಉಡಸ್ತೀರಿ, ನಾನೂ ಬಂದು ನೋಡ್ತೀನಿ."

ವಿಠ್ಠಲರಾಯರು ಗರ್ಭಗುಡಿಯ ಕಡೆ ನೋಡಿದರು. ದೇವರು ಹಸಿರು ರೇಷ್ಮೆ ಉಟ್ಟು ನಿಂತಿದ್ದ. ಬಿಚ್ಚಿಸಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಈಗಿರುವವು ಇರಲಿ, ಹೊಸದು ಮಾತ್ರ ಒಂದು ವರ್ಷ ಹೊಲಿಯುವಂತಿಲ್ಲ ಎಂದು ತೀರ್ಮಾನವಾಯಿತು. ಎಂಥ ನ್ಯಾಯ ನೋಡಿ. ಕೈ ಮೈಲಿಗೆ, ಆ ಕೈ ಹೊಲಿದದ್ದು ಮಡಿ.

ಕಾರ್ಯದರ್ಶಿ ಬರೆದು ಓದಿದ. ಸದರಿ ಪೋಷಾಕನ್ನು ಅರ್ಚಕ ವಾಸುದೇವಾಚಾರರು ಹೊಲಿದಿರುವುದಿಲ್ಲ, ಅವರ ಪತ್ನಿ ಭಾಮಾಬಾಯಿಯವರು ಸ್ವತಃ ಒಬ್ಬರೇ ಹೊಲಿದಿರುತ್ತಾರೆ, ಇದನ್ನು ಅರ್ಚಕರು ಕಮಿಟಿಯ ಮುಂದೆ ಒಪ್ಪಿರುತ್ತಾರೆ. ಮೂವತ್ತೊಂದು ವರ್ಷದ ಮಾತನ್ನೂ ಬರೆದಿದ್ದ. ಕೆಳಗೆ ನಮ್ಮವರು ಸಹಿ ಮಾಡಿದರು. ಮನೆಯಲ್ಲಿ ಮುಂದಿಟ್ಟರೂ ಪೆನ್ನು ಮುಟ್ಟದವರು, ಇಲ್ಲಿ ಇನ್ನೊಬ್ಬರ ಕೈಯಿಂದ ಕಸಿದುಕೊಂಡು ಮಾಡಿದರು. ಅಧ್ಯಕ್ಷರ ಸಹಿ ಬಿತ್ತು, ಗುಡಿಯ ಶಿಕ್ಕೆಯ ಮುದ್ರೆ ಒತ್ತಿದರು. ನಾನೂ ಸಹಿ ಹಾಕಿದೆ. ಆಮೇಲೆ ಫೋನು ತೆಗೆದು ಆ ಪುಟದ ಫೋಟೋ ಹೊಡೆದುಕೊಂಡೆ. ಯಾರೂ ಬೇಡ ಎನ್ನಲಿಲ್ಲ, ಶಿಕ್ಷೆಯ ಪ್ರತಿ ಶಿಕ್ಷೆಯಾದವಳಿಗೆ ಬೇಕಲ್ಲವೇ.

ಮನೆಗೆ ನಡೆಯುತ್ತ ನಮ್ಮವರ ದನಿ ಮೆತ್ತಗಾಗಿತ್ತು. "ಸಿಟ್ ಮಾಡ್ಕೋಬ್ಯಾಡ. ಪೂಜಾ ಉಳೀತಲ್ಲ, ಅದೇ ದೊಡ್ಡದು. ಅಲ್ಲಾ, ಆ ಠರಾವಿನ ಫೋಟೋ ಯಾಕ ಹೊಡಕೊಂಡಿ?"

"ಪ್ರಮಿತಾಗ ಕಳಿಸಿದೆ."

"ಆಕಿಗ್ಯಾಕ?"

"ನೀವು ಹೊಲದಿಲ್ಲಂತ ನೀವೇ ಬರ್ದು ಕೊಟ್ರ ಹೆಸರು ತಿದ್ತೀನಿ ಅಂದಿದ್ಲಲ್ರಿ. ಒಂದು ಸಾಲು ಕೇಳಿದ್ಲು, ನೀವು ಶಿಕ್ಕೆ ಹಚ್ಚಿ ಒಂದು ಪುಟ ಕೊಟ್ರಿ."

ಅವರು ಓಣಿಯ ನಡುವೆ ನಿಂತುಬಿಟ್ಟರು. ಅವಳ ಉತ್ತರ ಆಗಲೇ ಬಂದಿತ್ತು, ತೋರಿಸಿದೆ. ಸಾಕು ಕಾಕೂ, ಇವತ್ತೇ ಬದಲು ಮಾಡಿಸ್ತೀನಿ, ನಿಮ್ಮ ಹೆಸರು ಹ್ಯಾಂಗ ಬರೀಬೇಕು ಹೇಳ್ರಿ ಎಂದು ಕೇಳಿದ್ದಳು.

"ನನಗೊಂದು ಮಾತು ಕೇಳಬೇಕಿತ್ತು ನೀನು," ಎಂದರು.

"ಮೂರು ಸಲ ಕೇಳಿದೆ," ಎಂದೆ. ಅವರನ್ನು ಅಲ್ಲೇ ಬಿಟ್ಟು, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ನನ್ನ ಹೆಸರು ಬರೆದೆ.